ಆರನೇ ತಿರುವಿಗೆ ನಲವತ್ತೆರಡು ದಿನ

‘ಜೂನ್ 1, ಭಾನುವಾರ. ಜುಲೈ 13ಕ್ಕೆ ನಲವತ್ತೆರಡು ದಿನ. ಬೈಕು ಮಡಕಶಿರಾದಲ್ಲಿದೆ. ನಾನು ರಾಯದುರ್ಗದಲ್ಲಿದ್ದೇನೆ.’ ಆ ವರ್ಷದ ನನ್ನ ದಿನಚರಿ ಪುಸ್ತಕದಲ್ಲಿ ಈ ಸಂಗತಿ ಹೀಗೆ ಶುರುವಾಗುತ್ತದೆ.

ಜುಲೈ 13ರಂದು ಟ್ರ್ಯಾಕಿಗೆ ಹೋಗಲು ಹೆಸರು ಬರೆಸಿದ್ದೆ. ಟ್ರ್ಯಾಕ್ ಎಂದರೆ ರೇಸಿಗೆಂದು ಕಟ್ಟಿದ ಸುತ್ತುದಾರಿ, ನಮ್ಮ ಕಡೆಯಿಂದ ಒಂದು ದಿನದ ಪ್ರಯಾಣ. ನಾನು ರೇಸಿನವನಲ್ಲ. ವರ್ಷಕ್ಕೆ ಒಂದೆರಡು ಭಾನುವಾರ ನನ್ನಂಥವರಿಗೂ ಅಲ್ಲಿ ಬಿಡುತ್ತಾರೆ. ಸ್ವಂತ ಬೈಕು ತಂದು, ಇಪ್ಪತ್ತು ಇಪ್ಪತ್ತು ನಿಮಿಷದ ಸರದಿಯಲ್ಲಿ ಓಡಿಸಿ ಮನೆಗೆ ಹೋಗಬಹುದು. ಒಂದೂವರೆ ವರ್ಷದ ಹಿಂದೆ ಅದೇ ಟ್ರ್ಯಾಕಿನ ಆರನೇ ತಿರುವಿನಲ್ಲಿ, ಬಲಕ್ಕೆ ಹೊರಳುವಲ್ಲಿ, ಬಿದ್ದಿದ್ದೆ. ಬಲಗಡೆಯ ಕಾಲರ್ ಮೂಳೆ ಮುರಿಯಿತು. ಮೂಳೆ ಕೂಡಿತು, ಸ್ವಲ್ಪ ಗಂಟು ಗಂಟಾಗಿ.

ಕೂಡದೆ ಉಳಿದದ್ದು ಬೇರೆ. ಆಮೇಲೆ ರಸ್ತೆಯಲ್ಲಿ ಎಲ್ಲೇ ಬಲಕ್ಕೆ ತಿರುಗಬೇಕಾದರೂ ನನ್ನ ಬಲಗೈ ತಾನಾಗಿ ಬ್ರೇಕ್ ಹಿಡಿಯುತ್ತಿತ್ತು. ನಾನು ಆಂಧ್ರದ ಗಡಿಯ ರಾಯದುರ್ಗದ ಒಂದು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕಟಿಂಗ್ ವಿಭಾಗದಲ್ಲಿದ್ದೇನೆ. ಮನೆಯಿಂದ ಅಲ್ಲಿಗೆ ಬಲಕ್ಕೆ ನಾಲ್ಕು ತಿರುವು, ವಾಪಸು ಬರುವಾಗ ಅವೇ ನಾಲ್ಕು ಎಡಕ್ಕೆ. ಸ್ಕೂಟರಿನಲ್ಲಿ ಹೋಗಲು ಹನ್ನೊಂದು ನಿಮಿಷ, ಬರಲು ಎಂಟು. ಆ ಮೂರು ನಿಮಿಷದ ವ್ಯತ್ಯಾಸ ಯಾರಿಗೂ ಕಾಣುವಂಥದ್ದಲ್ಲ. ನನಗೆ ಮಾತ್ರ ದಿನಾ ಕಾಣುತ್ತಿತ್ತು. ಆರನೇ ತಿರುವನ್ನು ಇನ್ನೊಮ್ಮೆ ಹಾಯದಿದ್ದರೆ ಈ ಕೈ ನನ್ನ ಮಾತು ಕೇಳುವುದೇ ಇಲ್ಲ ಎಂದು ನಂಬಿದ್ದೆ. ಹಾಯಲು ಹೋದರೆ ಮತ್ತೆ ಬೀಳುತ್ತೇನೆಂದೂ ಅಷ್ಟೇ ಗಟ್ಟಿಯಾಗಿ ನಂಬಿದ್ದೆ.

ಮೊದಲು ಸವಾರನ ಕೆಲಸ. ಬೆಳಿಗ್ಗೆ ಐವತ್ತು ಬಸ್ಕಿ, ಸಂಜೆ ಐವತ್ತು. ಮೊಣಕೈ ಊರಿ ಹಲಗೆಯಂತೆ ಮಲಗುವುದು ಮೊದಲ ದಿನ ಇಪ್ಪತ್ತೆಂಟು ಸೆಕೆಂಡು, ಹತ್ತನೇ ದಿನ ಎಪ್ಪತ್ತು. ಹನ್ನೊಂದನೇ ದಿನ ಚರ್ಮದ ಸೂಟನ್ನು ಪೆಟ್ಟಿಗೆಯಿಂದ ತೆಗೆದೆ. ಕತ್ತಿನಿಂದ ಕಾಲಿನವರೆಗೆ ಒಂದೇ ತುಂಡಿನ ಉಡುಪು ಅದು, ಬಿದ್ದಾಗ ಮೈ ಉಜ್ಜದಂತೆ ತಡೆಯುತ್ತದೆ. ಸೊಂಟದ ಮೇಲೆ ಏರಲೇ ಇಲ್ಲ. ಯೂನಿಟ್ಟಿಗೆ ಒಯ್ದು, ಮೂವತ್ತು ವರ್ಷದಿಂದ ದಪ್ಪ ಬಟ್ಟೆ ಹೊಲಿಯುತ್ತಿರುವ ನಮ್ಮ ಟೈಲರ್ ಮಾಸ್ಟರ ಮುಂದೆ ಇಟ್ಟೆ.

“ಏನ್ರಿ ಇದು, ಎಮ್ಮೀಗೆ ಹಾಕೋದಾ, ಎಮ್ಮೀದಾ?” ಎಂದರು ಮಾಸ್ಟರು.

“ಸೊಂಟದಾಗ ಸ್ವಲ್ಪ ಬಿಡಿಸಿ ಕೊಡ್ರಿ ಮಾಸ್ಟರ್.”

“ಸೊಂಟ ಅಲ್ಲಪ, ಹೊಟ್ಟಿ. ಹೊಟ್ಟಿ ಅನ್ನಾಕ ಯಾಕ ನಾಚ್ಕಿ?”

ಹಳೆಯ ಚರ್ಮದ ಜಾಕೆಟ್ಟಿನಿಂದ ಎರಡು ಪಟ್ಟಿ ಕತ್ತರಿಸಿ, ಪಕ್ಕೆಯ ಹೊಲಿಗೆ ಬಿಚ್ಚಿ ಸೇರಿಸಿ, ಜೀನ್ಸಿನ ದಾರದಲ್ಲಿ ಮೂರು ಸಾಲು ಹೊಲಿದುಕೊಟ್ಟರು. ಅಳತೆ ನೋಡಲು ಅಲ್ಲೇ ತೊಟ್ಟು ಝಿಪ್ಪು ಎಳೆದೆ. ಗಂಟಲವರೆಗೆ ಬಂದು ಕಚ್ಚಿಕೊಂಡಿತು. ಕೆಳಗೂ ಇಳಿಯಲಿಲ್ಲ. ಅಷ್ಟರಲ್ಲಿ ಕರೆಂಟು ಹೋಗಿ ಫ್ಯಾನುಗಳೆಲ್ಲ ನಿಂತವು. ಮಷೀನು ನಿಂತುಹೋದ ಹೊಲಿಗೆ ಹೆಂಗಸರಿಗೆ ನೋಡಲು ನಾನೊಬ್ಬನೇ ಉಳಿದೆ.

“ಮಾಸ್ಟರ್, ಹಂಗ ಪ್ಯಾಕ್ ಮಾಡಿ ಮಾಲಿನ ಜೊತಿ ಬಳ್ಳಾರಿಗೆ ಕಳಿಸ್ರಿ. ಸೈಜ್ ನಲವತ್ತು ಅಂತ ಬರೀರಿ!” ಎಂದಳೊಬ್ಬಳು.

ಮಾಸ್ಟರು ಮೇಣದಬತ್ತಿ ಉಜ್ಜಿ ಉಜ್ಜಿ ಝಿಪ್ಪಿನ ಹಲ್ಲು ಬಿಡಿಸುತ್ತಿದ್ದರು. ಬೆವರು ಕಾಲಿನ ಬೂಟಿಗೆ ಇಳಿಯುತ್ತಿತ್ತು. ನಾನೂ ನಗುತ್ತಿದ್ದೆ, ಆದರೆ ಎದೆಯ ಮೇಲೆ ಯಾರೋ ಕೂತಂತೆ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಇಪ್ಪತ್ತೆರಡು ನಿಮಿಷ ಹಾಗೆ ನಿಂತೆ. ಕರೆಂಟು ಬಂದಾಗ ಸೂಪರ್‌ವೈಸರು ದಿನಾ ಕೂಗುವಂತೆ “ಚಾಲೂ ಮಾಡ್ರಿ, ಚಾಲೂ!” ಎಂದು ಕೂಗಿದರು. ಮಷೀನುಗಳು ಒಟ್ಟಿಗೇ ಸದ್ದು ಮಾಡಿದವು. ನಮ್ಮ ರಾಯದುರ್ಗದ ಕಡೆ ಚಾಲೂ ಎಂದರೆ ಶುರು.

ಬೈಕು ಇದ್ದದ್ದು ಮಡಕಶಿರಾದಲ್ಲಿ, ಭಾವನ ಶೆಡ್ಡಿನಲ್ಲಿ. ಅಕ್ಕನ ಗಂಡ ಅಲ್ಲಿ ಬೈಕು ರಿಪೇರಿ ಅಂಗಡಿ ಇಟ್ಟಿದ್ದಾರೆ. ನಾನು ಬಿದ್ದ ದಿನ ಟ್ರ್ಯಾಕಿನಿಂದ ಬೈಕನ್ನು ಗಾಡಿಯಲ್ಲಿ ಹಾಕಿಕೊಂಡು ಹೋದವರೂ ಅವರೇ. ಟಾರ್ಪಾಲು ಹೊದಿಸಿ ಮೂಲೆಗೆ ನಿಲ್ಲಿಸಿದ್ದರು. ಜೂನ್ ತಿಂಗಳ ಭಾನುವಾರಗಳಲ್ಲಿ ಬಸ್ಸು ಬದಲಿಸುತ್ತ ಅಲ್ಲಿಗೆ ಹೋಗುತ್ತಿದ್ದೆ.

“ಬಾರಪ್ಪ ಬಾಮೈದ, ನಿನ್ ಹೆಂಡ್ತಿ ಕಾಯ್ತಾವ್ಳೆ,” ಎಂದು ಭಾವ ಟಾರ್ಪಾಲು ಎಳೆಯುತ್ತಿದ್ದರು. ಬಾಗಿದ ಹ್ಯಾಂಡಲು ಬದಲಾಯಿತು. ಒಣಗಿ ಗಟ್ಟಿಯಾದ ಟೈರುಗಳು ಹೋದವು. ಕನ್ನಡಿ, ಹೆಡ್‌ಲೈಟು, ನಂಬರ್ ಪ್ಲೇಟು, ಸೈಡ್ ಸ್ಟ್ಯಾಂಡು ಬಿಚ್ಚಿಟ್ಟೆವು, ಟ್ರ್ಯಾಕಿನಲ್ಲಿ ಅವು ಬೇಡ. ರೇಡಿಯೇಟರಿನ ಹಸಿರು ಕೂಲಂಟ್ ತೆಗೆದು ಬರಿಯ ನೀರು ತುಂಬಿದೆವು. ಯಾರಾದರೂ ಬಿದ್ದು ಕೂಲಂಟ್ ಚೆಲ್ಲಿದರೆ ಹಿಂದೆ ಬರುವವನೂ ಜಾರುತ್ತಾನೆ. ಬಿಗಿದ ಪ್ರತಿ ಬೋಲ್ಟಿನ ತಲೆಗೆ ಬಿಳಿ ಪೇಂಟಿನ ಗೆರೆ ಎಳೆದು ಪುಸ್ತಕದಲ್ಲಿ ಎಣಿಸಿಕೊಂಡೆ. ಜೂನ್ 22ಕ್ಕೆ ಐವತ್ತಮೂರು.

ಜೂನ್ 29. ಬೈಕಿನ ಹಿಂದಿನ ಚಕ್ರವನ್ನು ಸ್ಟ್ಯಾಂಡಿನ ಮೇಲೆ ಎತ್ತಿಟ್ಟಿದ್ದೆವು. ಭಾವ ಕೆಳಗೆ ಕೂತು ಸೀಮೆಎಣ್ಣೆಯ ಬಟ್ಟೆಯಲ್ಲಿ ಚೈನು ಒರೆಸುತ್ತಿದ್ದರು, ನಾನು ಕೈಯಿಂದ ಚಕ್ರ ತಿರುಗಿಸುತ್ತಿದ್ದೆ. “ಇದಾದ್ಮೇಲೆ ಇಂಜಿನ್ ಬಿಸಿ ಮಾಡಾನ, ಎಣ್ಣೆ ನೀಟಾಗಿ ಇಳೀತದೆ,” ಎಂದಿದ್ದರು. ಕೀ ಹಾಕಿಯೇ ಇತ್ತು. ಗೇರು ನ್ಯೂಟ್ರಲ್‌ನಲ್ಲಿತ್ತು.

ಆಗ ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತು ತೆಲುಗಿನಲ್ಲಿ ಕೇಳಿದರು: “ಅನ್ನಾ, ಟ್ಯೂಬು ಉಂದಾ?”

“ಉಂದಿ, ಕೂಚೋ,” ಇದೆ, ಕೂತ್ಕೋ ಎಂದು ಭಾವ ಅವರ ಕಡೆ ನೋಡಿಯೇ ಹೇಳಿದರು. ಹಾಗೆಯೇ, ತಲೆ ತಿರುಗಿಸದೆ ನನಗೆ ಅಂದರು: “ಚಾಲು.”

ನಾನು ಎದ್ದು ಸ್ಟಾರ್ಟರ್ ಒತ್ತಿದೆ.

ಅವರು ಅಂದದ್ದು ತೆಲುಗಿನ ಚಾಲು. ಅಂದರೆ ಸಾಕು, ತಿರುಗಿಸಿದ್ದು ಸಾಕು. ನನಗೆ ಕೇಳಿದ್ದು ಯೂನಿಟ್ಟಿನ ಚಾಲೂ. ಎರಡೂ ಮಾತು ನನಗೆ ಹುಟ್ಟಿದಾಗಿನಿಂದ ಗೊತ್ತು. ತೆಲುಗು ತಿಳಿಯದವನಾಗಿದ್ದರೆ ಏನಂದಿರಿ ಎಂದು ಒಮ್ಮೆಯಾದರೂ ಕೇಳುತ್ತಿದ್ದೆ.

ನ್ಯೂಟ್ರಲ್‌ನಲ್ಲಿದ್ದರೂ ತಣ್ಣಗಿನ ದಪ್ಪ ಎಣ್ಣೆಯ ಎಳೆತಕ್ಕೆ ಎತ್ತಿಟ್ಟ ಚಕ್ರ ತಿರುಗಿಬಿಡುತ್ತದೆ. ಚೈನು ಬಟ್ಟೆಯನ್ನು ಎಳೆದುಕೊಂಡಿತು, ಬಟ್ಟೆ ಬೆರಳನ್ನು. ತಕ್ಷಣ ಇಂಜಿನ್ ಆರಿಸಿದೆ. ಭಾವನ ಬಲಗೈಯ ತೋರುಬೆರಳು ಚೈನಿಗೂ ಹಲ್ಲುಚಕ್ರಕ್ಕೂ ನಡುವೆ ಸಿಕ್ಕಿತ್ತು. ಅವರು ಕೂಗಲಿಲ್ಲ. “ಹಿಂದಕ್ಕೆ,” ಎಂದರು, “ಹಿಂದಕ್ಕೆ ತಿರುಗ್ಸು, ಮೆಲ್ಲಕೆ.” ಆ ಅರ್ಧ ಸುತ್ತನ್ನು ತಿರುಗಿಸಲು ನನಗೆ ಎಷ್ಟು ಹೊತ್ತಾಯಿತೆಂದು ಎಲ್ಲೂ ಬರೆದಿಲ್ಲ. ಟ್ಯೂಬು ಕೇಳಲು ಬಂದವರೇ ತಮ್ಮ ಬೈಕಿನಲ್ಲಿ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ನಾನು ಹಿಂದೆ ಓಡಿದೆ.

ಉಗುರು ಹೋಯಿತು, ಅದರ ಜೊತೆ ತುದಿಯ ಒಂದು ಚೂರು. ಏಳು ಹೊಲಿಗೆ. ಬೆರಳು ಉಳಿಯಿತು.

ಅಲ್ಲಿನ ಬೆಂಚಿನ ಮೇಲೆ ಕೂತಿದ್ದಾಗ ನನಗೆ ಎಲ್ಲಕ್ಕಿಂತ ಮೊದಲು ಅನ್ನಿಸಿದ್ದನ್ನು ಆ ದಿನ ಪುಸ್ತಕದಲ್ಲಿ ಬರೆಯಲಿಲ್ಲ, ಈಗ ಬರೆಯುತ್ತೇನೆ. ಮೈ ಹಗುರಾಯಿತು. ಇನ್ನು ಟ್ರ್ಯಾಕಿಗೆ ಹೋಗಬೇಕಾಗಿಲ್ಲ ಅನ್ನಿಸಿತು. ಯಾರೂ ನನ್ನನ್ನು ಹೆದರಿದವನೆಂದು ಹೇಳಲಾರರು, ಭಾವನ ಕೈಯಿಂದಾಗಿ ನಿಲ್ಲಿಸಿದ ಎನ್ನುತ್ತಾರೆ. ಆಮೇಲೆ ನಾಚಿಕೆಯಾಯಿತು, ಹಗುರವೂ ಹಾಗೆಯೇ ಉಳಿಯಿತು.

ಅಕ್ಕ ಬಂದಳು. ಗಂಡನ ಕೈ ನೋಡಿದಳು, ನನ್ನನ್ನು ನೋಡಿದಳು. “ಒಂದೂವರೆ ವರ್ಷದ ಹಿಂದ ನೀನು. ಈಗ ಇವರು. ಮುಂದ ಯಾರ ಪಾಳಿಯೋ?” ಎಂದಳು. ಅದಾದ ಮೇಲೆ ಹದಿನಾಲ್ಕು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ತಟ್ಟೆ ಮಾತ್ರ ಮುಂದೆ ಇಡುತ್ತಿದ್ದಳು.

ಮರುದಿನ ಬೆಳಿಗ್ಗೆ ಭಾವನಿಗೆ ಹೇಳಿದೆ: “ನಾ ಹೋಗಂಗಿಲ್ರಿ ಭಾವ. ಹೆಸರು ತೆಗಿಸಿಬಿಡ್ತೀನಿ.”

“ಯಾಕೋ?”

“ನಿಮಗ ಹಿಂಗಾಗೇತಿ...”

“ನೋಡ್ಲಾ, ಬಂದೋರೆಲ್ಲ ಬೆರ್ಳಿಗೇನಾಯ್ತು ಅಂತ ಕೇಳ್ತಾವ್ರೆ. ಬಾಮೈದ ರೇಸ್ ಟ್ರ್ಯಾಕಿಗೆ ಹೋಗ್ತಾನೆ, ಅವ್ನ್ ಗಾಡಿ ರೆಡಿ ಮಾಡೋವಾಗ ಆಯ್ತು ಅಂತ ಹೇಳಿದೀನಿ. ನೀನ್ ಹೋಗ್ಲಿಲ್ಲ ಅನ್ನು, ಮೋಪೆಡ್ಡಿಗೆ ಪಂಚರ್ ಹಾಕಕ್ಕೋಗಿ ಬೆರ್ಳು ಕಳ್ಕಂಡ ಅಂತಾರೆ ಕಣೋ! ನನ್ ಮರ್ವಾದೆ ಏನಾಗ್ಬೇಕು?”

ನಕ್ಕರು, ನಗುವಾಗ ಕೈ ಅಲುಗಿ ಮುಖ ಕಿವುಚಿದರು. ನನಗೆ ಸಿಕ್ಕಿದ್ದ ಒಂದೇ ಬಾಗಿಲನ್ನು ಅವರು ಪ್ರೀತಿಯಿಂದಲೇ ಮುಚ್ಚಿದರು. ಹೋಗುವುದಿಲ್ಲ ಎನ್ನಲು ಈಗ ನಿಜವಾದ ಕಾರಣವನ್ನೇ ಹೇಳಬೇಕಿತ್ತು. ಹೆಸರು ತೆಗೆಸಲಿಲ್ಲ.

ಯೂನಿಟ್ಟಿಗೆ ರಜೆ ಹಾಕಿ ಅಂಗಡಿಯಲ್ಲೇ ಉಳಿದೆ. ಭಾವನ ಬಲಗೈ ಕೆಲಸವೆಲ್ಲ ನನ್ನದಾಯಿತು. ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ತಗಡಿನ ಶೆಡ್ಡು, ಬಾಗಿಲಿಗೆ ಎದುರಾಗಿ ಹಳೆಯ ಟೈರಿನ ಮೇಲೆ ಕೂತ ಭಾವ, ಒಳಗೆ ನಾನು. ಪಕ್ಕದ ಅಗಳಿ ಊರಿನಿಂದ ಕುರಿ ಮಾರಲು ಬಂದವರ ಬೈಕುಗಳು, ಅವಕ್ಕೆ ಮುಳ್ಳು ಚುಚ್ಚಿದ ಪಂಚರುಗಳು. ಹನ್ನೆರಡು ದಿನದಲ್ಲಿ ಮೂವತ್ತೆಂಟು ಪಂಚರು, ಒಂಬತ್ತು ಚೈನು. ಗಿರಾಕಿ ಇಲ್ಲದಾಗ ಬಸ್ಕಿ. ಶೆಡ್ಡಿನ ಅಗಲ ಹನ್ನೊಂದು ಹೆಜ್ಜೆ, ಉದ್ದ ಹದಿನಾರು.

ಸಂಜೆ ಒಂದು ಗಂಟೆ ನನ್ನ ಬೈಕಿಗೆ. ಭಾವ ಹೇಳುವ ಪ್ರತಿ ಮಾತನ್ನೂ ನಾನು ಮೊದಲು ಬಾಯಲ್ಲಿ ಹೇಳಿ ಆಮೇಲೆ ಕೈಯಲ್ಲಿ ಮಾಡುತ್ತಿದ್ದೆ.

“ಬಿಗಿ ಮಾಡು.”

“ಬಿಗಿ ಮಾಡ್ತೀನ್ರಿ.”

“ಅಷ್ಟೇ, ನಿಲ್ಸು.”

“ನಿಲ್ಲಿಸಿದೆ.”

“ನಮ್ಮಿಬ್ಬರ್ದು ನೋಡಿದ್ರೆ ಮದ್ವೆ ಮಂತ್ರ ಹೇಳಿಸ್ದಂಗೈತೆ,” ಎಂದರು ಭಾವ. ಬ್ರೇಕಿನ ಹಳೆಯ ಎಣ್ಣೆ ತೆಗೆದು ಹೊಸದು ತುಂಬಿದ್ದು, ಇಂಜಿನ್ ಎಣ್ಣೆಯ ಬೋಲ್ಟಿನ ತಲೆಗೆ ತೂತು ಹಾಕಿ, ಅದು ಸಡಿಲವಾಗದಂತೆ ಸ್ಟೀಲ್ ತಂತಿ ಹೊಸೆದು ಕಟ್ಟಿದ್ದು, ಎಲ್ಲ ಹೀಗೆಯೇ. ತಂತಿಯನ್ನು ನಾಲ್ಕು ಬಾರಿ ಬಿಚ್ಚಿಸಿದರು. ಐದನೆಯದನ್ನು ಎಡಗೈಯಲ್ಲಿ ಮುಟ್ಟಿ ನೋಡಿ, ಪೇಂಟಿನ ಡಬ್ಬಿಯನ್ನು ನನ್ನ ಕಡೆ ಸರಿಸಿದರು. ಬಿಳಿ ಗೆರೆಗಳು ಎಪ್ಪತ್ತೊಂದಾದವು. ಬೈಕು ಸಿದ್ಧವಾಗುತ್ತ ಹೋದಂತೆ ಒಂದು ಬೋಲ್ಟಾದರೂ ಸಿಗದೆ ಹೋಗಲಿ ಎಂದು ಬಯಸಿದ ದಿನಗಳಿವೆ. ಎಲ್ಲವೂ ಸಿಕ್ಕವು.

ಜುಲೈ 13. ಟ್ರ್ಯಾಕಿನಲ್ಲಿ ಬೈಕು ತಪಾಸಣೆ ಮಾಡುವವರು ತಂತಿಯನ್ನು ಎಳೆದು ನೋಡಿ ಟಿಕ್ಕು ಹಾಕಿದರು. ಭಾವ ಅವರಿಗೆ ಬ್ಯಾಂಡೇಜಿನ ಬೆರಳು ತೋರಿಸಿ ಕತೆ ಹೇಳುತ್ತಿದ್ದರು. ಮೊದಲ ಸರದಿಗೆ ಸಾಲಾಗಿ ನಿಲ್ಲಿಸಿದರು. ನನ್ನ ಮುಂದೆ ಒಂಬತ್ತು ಬೈಕು, ಹಿಂದೆ ಎಷ್ಟೋ. ಎಡಕ್ಕೆ ಗೋಡೆ, ಬಲಕ್ಕೆ ಕಂಬಿ. ಹೆಲ್ಮೆಟ್ಟಿನೊಳಗೆ ನನ್ನ ಉಸಿರಿನ ಸದ್ದು ಬಿಟ್ಟು ಬೇರೆ ಕೇಳುತ್ತಿರಲಿಲ್ಲ. ಹಸಿರು ಬಾವುಟ ಆಡಿದಾಗ ನಿಲ್ಲಲು ಜಾಗವಿಲ್ಲದ್ದಕ್ಕೆ ಹೊರಟೆ.

ಆರು ಸುತ್ತು. ಆರನೇ ತಿರುವಿನಲ್ಲಿ ಆರು ಸಲವೂ ಬಲಗೈ ಬ್ರೇಕ್ ಹಿಡಿಯಿತು, ಹಿಡಿಯಬೇಕಾದ ಜಾಗಕ್ಕಿಂತ ಬಹಳ ಮೊದಲೇ. ನನಗಿಂತ ಸಣ್ಣ ಬೈಕಿನವರೂ ಸುತ್ತಿಕೊಂಡು ಮುಂದೆ ಹೋದರು. ವಾಪಸು ಬಂದು ಹೆಲ್ಮೆಟ್ ತೆಗೆದೆ.

“ಹೆಂಗಿತ್ತು?” ಎಂದರು ಭಾವ.

“ಹೆದ್ರಿಕಿ ಆಗ್ತದ್ರಿ ಭಾವ,” ಎಂದೆ. “ನಿಮ್ಮ ಬೆರಳಿಗಿಂತ ಮೊದಲಿಂದನೂ. ಎರಡನೇ ಸರದಿಗೆ ನಾ ಹೋಗಂಗಿಲ್ಲ.”

ಅವರು ಏನಾದರೂ ಕುಟುಕಿಯಾರೆಂದು ಕಾದೆ. ಮರ್ಯಾದೆಯ ಮಾತು ಎತ್ತಿಯಾರೆಂದು ಕಾದೆ.

“ಸರಿ ಬಿಡು,” ಎಂದರು. “ಬುತ್ತಿ ತಿಂದು ಹೊಲ್ಡಾನ. ನಿಮ್ಮಕ್ಕ ಚಿತ್ರಾನ್ನ ಕಟ್ಟವ್ಳೆ, ನಿನ್ಗೂ ಸೇರ್ಸಿ.” ಚಾಪೆ ಹಾಸಿ, ಎಡಗೈಯಲ್ಲಿ ಡಬ್ಬಿಯ ಮುಚ್ಚಳ ತೆಗೆಯಲು ತಿಣುಕತೊಡಗಿದರು.

ಡಬ್ಬಿ ತೆಗೆದುಕೊಟ್ಟೆ. ಇಬ್ಬರೂ ತಿಂದೆವು. ಭಾವ ಟವೆಲು ಮುಖಕ್ಕೆ ಹಾಕಿಕೊಂಡು ಮಲಗಿದರು. ಬೈಕು ಬಿಸಿಲಲ್ಲಿ ನಿಂತಿತ್ತು. ಅದನ್ನು ಹೊತ್ತು ತಂದಿದ್ದ ಗಾಡಿಗೆ ಹತ್ತಿಸಿ ಹಗ್ಗ ಬಿಗಿದರೆ ಮುಗಿಯಿತು, ತಡೆಯುವವರಿರಲಿಲ್ಲ. ತಳ್ಳುವವರೂ ಇರಲಿಲ್ಲ. ನನ್ನ ಸರದಿಯವರನ್ನು ಮೈಕಿನಲ್ಲಿ ಕರೆದರು. ಎರಡನೇ ಬಾರಿ ಕರೆದಾಗ ಎದ್ದು ಗ್ಲೌಸು ಹಾಕಿಕೊಂಡೆ.

ಸಾಲಿನಲ್ಲಿ ಕೊನೆಯವನಾಗಿ ಹೋದದ್ದರಿಂದ ಮುಂದೆ ಹಿಂದೆ ಯಾರೂ ಇರಲಿಲ್ಲ. ಆ ಸರದಿಯಲ್ಲಿ ಒಂದು ಸಲ ಆರನೇ ತಿರುವಿನಲ್ಲಿ ಕೈ ಬ್ರೇಕನ್ನು ಹಿಡಿದು, ತಾನಾಗಿಯೇ ಸಡಿಲಿಸಿತು. ಬೈಕು ಬಲಕ್ಕೆ ಬಾಗಿ, ತಿರುವು ಮುಗಿಯುವವರೆಗೆ ಹಾಗೆಯೇ ಇತ್ತು. ವೇಗವೇನೂ ಇರಲಿಲ್ಲ. ಮುಂದಿನ ಸುತ್ತಿನಲ್ಲಿ ಕೈ ಮತ್ತೆ ಬಿಗಿಯಾಗಿ ಹಿಡಿಯಿತು.

ಒಳಗೆ ಬಂದಾಗ ಭಾವ ಎದ್ದು ಕೂತಿದ್ದರು. “ಎಷ್ಟ್ ಸುತ್ತು ಹೊಡ್ದೆ?” ಎಂದರು.

“ಎಣಿಸಲಿಲ್ರಿ,” ಎಂದೆ.