ಮೊದಲ ತುತ್ತು ನಾಯಿಗೆ

ವಿಜಯಲಕ್ಷ್ಮಿ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬುವವಳಲ್ಲ. ಗೋಕಾಕದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಭರತೇಶನ ಇಂಟರ್ನೆಟ್ ಅಂಗಡಿಯಲ್ಲಿ ಮೂರು ವರ್ಷ ಕೆಲಸ ಮಾಡಿದ ಮೇಲೆ ಆ ಸ್ವಭಾವ ಇನ್ನಷ್ಟು ಗಟ್ಟಿಯಾಗಿತ್ತು. ಭರತೇಶ ಜೈನರವನು, ಹೊತ್ತು ಮುಳುಗುವ ಮೊದಲೇ ಉಣ್ಣಬೇಕೆಂದು ಅಂಗಡಿಯನ್ನು ಅವಳಿಗೆ ಒಪ್ಪಿಸಿ ಹೋಗಿಬಿಡುತ್ತಿದ್ದ. ಹುಡುಗರು ತುಂಬಿಕೊಳ್ಳುತ್ತಿದ್ದುದು ಆ ವೇಳೆಗೇ. 2007ರ ಮಾತು. ಎಲ್ಲರಿಗೂ ಆರ್ಕುಟ್ ಹುಚ್ಚು. ಅದರಲ್ಲಿ ಒಬ್ಬೊಬ್ಬನಿಗೂ ಒಂದೊಂದು ಪುಟ. ಆ ಪುಟದಲ್ಲಿ ಅವನನ್ನು ಕುರಿತು ಗೆಳೆಯರು ಬರೆದ ಹೊಗಳಿಕೆ. ಹೊಗಳಿಕೆ ಇಂಗ್ಲಿಷಿನಲ್ಲೇ ಇರಬೇಕು. ಹುಡುಗರಿಗೆ ಇಂಗ್ಲಿಷ್ ಬಾರದು.

"ಅಕ್ಕಾರ, ನಮ್ಮ ದೋಸ್ತನ ಮ್ಯಾಲೆ ನಾಕ ಸಾಲ ಬರದ ಕೊಡ್ರಿ."

"ಹೆಂತಾಂವ ಅದಾನ ನಿಮ್ಮ ದೋಸ್ತ?"

"ಹೆಂತಾಂವ ಅಂದ್ರ... ಎಲ್ಲಾ ಮಂದಿ ಹಂಗ ಅದಾನ್ರಿ. ನೀವ ಏನರ ಚಲೋದ ನೋಡಿ ಹಾಕ್ರಿ. ನಾಳೆ ಅಂವಾ ನನ್ನ ಮ್ಯಾಲೆ ಬರಸ್ತಾನ."

ಅವಳು ಬರೆದಳು. ಕಾಣದವರಿಗೆಲ್ಲ ಧೈರ್ಯ ಕೊಟ್ಟಳು, ಶಾಂತಗುಣ ಕೊಟ್ಟಳು. ಒಂದು ದಿನ ಗುಣಗಳೇ ಮುಗಿದುಹೋದವು. ಆಗ ಅವಳಿಗೆ ತಂದೆ ಗುಡ್ಡಪ್ಪ ನೆನಪಾದ. ತಮ್ಮೂರು ತುಕ್ಕಾನಟ್ಟಿಯ ಹೊಲಗಳಲ್ಲಿ ಇರುಳು ಕುರಿ ತರುಬಿ, ಕಾದುಕೊಂಡು ಇರುತ್ತಿದ್ದವನು. ಬುತ್ತಿ ಬಿಚ್ಚಿದರೆ ರೊಟ್ಟಿಯ ಮೊದಲ ತುಂಡು ನಾಯಿಗೆ. ಇರುಳೆಲ್ಲ ಹಿಂಡು ಕಾದದ್ದು ಅದು, ಆದ್ದರಿಂದ ಮೊದಲು ಉಣ್ಣಬೇಕಾದದ್ದೂ ಅದೇ ಎನ್ನುವುದು ಅವನ ನ್ಯಾಯ. ಅವನು ಸತ್ತು ಏಳು ವರ್ಷವಾಗಿತ್ತು. "ಇವನು ಮೊದಲ ತುತ್ತನ್ನು ನಾಯಿಗೆ ಹಾಕದೆ ತಾನು ಉಣ್ಣುವುದಿಲ್ಲ" ಎಂದು ಯಾರದೋ ಗೆಳೆಯನ ಮೇಲೆ ಬರೆದುಕೊಟ್ಟಳು. ವಾರದೊಳಗೆ ಆ ಸಾಲು ಐದಾರು ಪುಟಗಳಲ್ಲಿ ಕಂಡಿತು. ಹುಡುಗರು ಒಬ್ಬರದನ್ನು ನೋಡಿ ಒಬ್ಬರು ಎತ್ತಿಕೊಂಡಿದ್ದರು. ಅವಳಿಗೆ ಕಿರಿಕಿರಿಯಾಯಿತು, ಆದರೆ ಯಾರನ್ನು ಹೋಗಿ ಕೇಳುವುದು?

ಮರುವರ್ಷ ಅವಳಿಗೆ ಹುಕ್ಕೇರಿಯ ಸಂಬಂಧ ಬಂತು. ಹುಡುಗ ಪ್ರಭು, ಅವರದೇ ಕುರುಬರ ಮನೆತನ, ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಗುಮಾಸ್ತ. ಮನೆಯ ಹೆಣ್ಣುಮಕ್ಕಳಿಗೆ ವರ ನೋಡುವ ಕೆಲಸ ಮೊದಲಿನಿಂದಲೂ ಕಾಕಾ ಬೀರಸಿದ್ದಪ್ಪನದು. ಅವನು ನೇರವಾಗಿ ಹುಡುಗನ ಮನೆಗೆ ಹೋಗುತ್ತಿರಲಿಲ್ಲ. ಆ ಊರಿನ ಕ್ಷೌರದಂಗಡಿಯಲ್ಲಿ ಅರ್ಧ ದಿನ, ಹಿಟ್ಟಿನ ಗಿರಣಿಯ ಮುಂದೆ ಅರ್ಧ ದಿನ ಕೂತು, ತನ್ನ ಹೆಸರು ಹೇಳದೆ ಎಲ್ಲ ಕೇಳಿಕೊಂಡು ಬರುತ್ತಿದ್ದ. ಹಾಗೆ ಮೂರು ವರಗಳನ್ನು ಬೇಡವೆಂದಿದ್ದ. ಈ ಸಲ ಹುಡುಗನ ಕಡೆಯವರು ಕೊಟ್ಟ ಒಂದು ಹಾಳೆ ಹಿಡಿದು ಬಂದ. ಪ್ರಭುವಿನ ಆರ್ಕುಟ್ ಪುಟ. ಬಣ್ಣದಲ್ಲಿ ಅಚ್ಚು ಹಾಕಿಸಿ, ಮಾರ್ಕ್ಸ್‌ಕಾರ್ಡಿಗೆ ಮಾಡಿಸುವಂತೆ ಲ್ಯಾಮಿನೇಶನ್ ಮಾಡಿಸಿದ್ದರು.

"ಕ್ಷೌರದಂಗಡ್ಯಾಗ ಕುಂತ ಬರಲಿಲ್ಲೇನ ಕಾಕಾ?"

"ಯಾಕ ಕೂಡ್ಲಿ? ಹದಿನಾಕ ಮಂದಿ ಫೋಟೋ ಸಹಿತ ಬರದ ಕೊಟ್ಟಾರ. ಕ್ಷೌರದಾಂವ ಬರದ ಕೊಡ್ತಾನೇನ? ಓದ, ಓದ, ನಿಮ್ಮವ್ವ ಕೇಳ್ಲಿ."

ಅವಳು ಕನ್ನಡ ಮಾಡಿ ಓದತೊಡಗಿದಳು. ಧೈರ್ಯವಂತ. ಶಾಂತ ಸ್ವಭಾವ. ಮೂರನೆಯ ಸಾಲು ತನ್ನದೇ ಎಂದು ಗುರುತು ಹತ್ತುವಷ್ಟರಲ್ಲಿ ನಾಲಿಗೆ ನಾಯಿಯ ತನಕ ಹೋಗಿಬಿಟ್ಟಿತ್ತು. ರೊಟ್ಟಿ ಬಡಿಯುತ್ತಿದ್ದ ತಾಯಿ ಸತ್ತೆವ್ವನ ಕೈ ನಿಂತಿತು.

"ನಿಮ್ಮಪ್ಪನಂಗ," ಎಂದಳು.

"ಯವ್ವಾ, ಇದನ್ನ ಬರದಾಕಿ ನಾನು. ಬ್ಯಾರೆ ಯಾವನೋ ಸಲುವಾಗಿ."

"ಒಲ್ಲೆ ಅಂದ್ರ ಒಲ್ಲೆ ಅನ್ನು. ಹಾಳ್ಯಾಗ ಅವನ ಹೆಸರ ಐತಿ, ನಿಂದೆಲ್ಲೈತಿ?"

ವಿಜಯಲಕ್ಷ್ಮಿ ಜಗಳಾಡಿ ಕಾಕಾನನ್ನು ಹುಕ್ಕೇರಿಗೆ ಕಳಿಸಿದಳು. ಅವನು ಮರುದಿನ ನಗುತ್ತ ಬಂದ. "ಕಣ್ಣಾರೆ ನೋಡೇನಿ. ಅಂಗಡಿ ಮುಂದ ಡಬ್ಬಿ ತಗದಾ, ಮೊದಲನೇ ತುತ್ತ ನಾಯಿಗಿ ಒಗದಾ. ಆಜೂಬಾಜೂದವ್ರೂ ಹೌದಂದ್ರು. ಇನ್ನೇನ ಬೇಕ ನಿನಗ?"

ಇದು ಅವಳಿಗೆ ಸುಳ್ಳಿಗಿಂತ ಹೆಚ್ಚು ತೊಂದರೆ ಕೊಟ್ಟಿತು. ನಿಜವಾಗಿ ಅವನಿಗೆ ಆ ರೂಢಿಯಿದ್ದರೆ ಮದುವೆಗೆ ಅವಳ ಅಡ್ಡಿಯಿಲ್ಲ. ಪುಟ ಓದಿ ಕಲಿತಿದ್ದರೆ? ತಾನೇ ಬರೆದ ವಾಕ್ಯದ ಜೊತೆ ಬಾಳುವೆ ಮಾಡಿದಂತೆ. ಎರಡರಲ್ಲಿ ಯಾವುದೆಂದು ತಿಳಿಯದೆ ಅವಳು ಹೂಂ ಎನ್ನುವಂತಿರಲಿಲ್ಲ.

ಹೆಣ್ಣು ನೋಡಲು ಪ್ರಭು ತಾಯಿ ಯಲ್ಲಕ್ಕನೊಂದಿಗೆ ತುಕ್ಕಾನಟ್ಟಿಗೆ ಬಂದ. ಅವಲಕ್ಕಿ, ಚಹಾ ಸಾಕಿತ್ತು. ಸತ್ತೆವ್ವ ಬೇಕೆಂದೇ ರೊಟ್ಟಿ ಊಟಕ್ಕೆ ಕೂರಿಸಿದಳು. ಪ್ರಭು ರೊಟ್ಟಿ ಮುರಿದು ಅಂಗಳದ ನಾಯಿಗೆ ಎಸೆದ. ಎಸೆದ ಮೇಲೆ ನಾಯಿಯನ್ನು ನೋಡಲಿಲ್ಲ. ಕೂತವರ ಮುಖಗಳನ್ನು ಒಂದು ಸುತ್ತು ನೋಡಿದ.

"ಯಾವಾಗಿಂದ ಹಾಕಾಕತ್ತೀರಿ?" ವಿಜಯಲಕ್ಷ್ಮಿ ಕೇಳಿದಳು.

"ಸಣ್ಣಾಂವ ಇದ್ದಾಗಿಂದ್ರಿ."

ಯಲ್ಲಕ್ಕ ಕಿಸಕ್ಕನೆ ನಕ್ಕಳು. "ಸಣ್ಣಾಂವ ಇದ್ದಾಗ ನಾಯಿ ಕಂಡ್ರ ನನ್ನ ಸೀರ್ಯಾಗ ಹೊಗತಿದ್ದ್ಯಲ್ಲೋ! ಹೋದ ಗಣಪತಿ ಹಬ್ಬಕ್ಕ ಸುರು ಆಗೇತಿ ನೋಡವಾ, ಈ ಧರ್ಮ."

"ಅವ್ವಗ ನೆನಪಿಲ್ರಿ," ಎಂದ ಪ್ರಭು. ಸಿಟ್ಟಿಲ್ಲ, ನಾಚಿಕೆಯೂ ಇಲ್ಲ.

"ಆ ಸಾಲ ಬರದಾಕಿ ನಾನು. ನಮ್ಮಪ್ಪನ ಮ್ಯಾಲೆ ಬರದದ್ದು."

"ಇಲ್ರಿ, ನನ್ನ ಗೆಳ್ಯಾ ದುರ್ಗಪ್ಪ ಬರದಾನ. ನನ್ನ ನೋಡೇ ಬರದಾನ."

ಕಾಕಾ ತೊಡೆ ತಟ್ಟಿದ. "ಅಲ್ಲಲೇ, ಇಕಿ ಬರದಿದ್ದ ಖರೆ ಆದ್ರ ಇನ್ನೂ ಚಲೋ ಆತಲ್ಲ! ಕಾಣೂಕಿಂತ ಮೊದಲ ಗಂಡನ ಗುಣಾ ಬರದಾಳ. ದೇವ್ರ ಗಂಟ ಹಾಕ್ಯಾನ!" ಎಲ್ಲರೂ ನಕ್ಕರು. ಸತ್ತೆವ್ವ ಸಂಬಂಧ ಗಟ್ಟಿ ಮಾಡಲು ಸಕ್ಕರೆ ತಟ್ಟೆ ತರಲು ಒಳಗೆ ಹೋದಳು.

ವಿಜಯಲಕ್ಷ್ಮಿ ನಗಲಿಲ್ಲ. ದನಿ ತಗ್ಗಿಸಿ ಅವನಿಗಷ್ಟೇ ಹೇಳಿದಳು. "ಓದಿದೆ, ಚಲೋ ಅನಿಸ್ತು, ಸುರು ಮಾಡಿದೆ. ಇಷ್ಟ ಹೇಳ್ರಿ. ತಪ್ಪೇನಿಲ್ಲ ಅದರಾಗ. ನಾ ಹೂಂ ಅಂತೇನಿ."

ಪ್ರಭು ಅವಳನ್ನು ನೇರವಾಗಿ ನೋಡಿದ. "ಸುಳ್ಳ ಯಾಕ ಹೇಳ್ಲಿರಿ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳುಗಾರನಾದರೆ ಎಂದಾದರೂ ಸಿಕ್ಕಿಬೀಳುತ್ತಾನೆ, ಒಪ್ಪಿಕೊಳ್ಳುತ್ತಾನೆ. ಇವನಿಗೆ ತನ್ನ ತಾಯಿಯ ನೆನಪಿಗಿಂತ, ತನ್ನ ನೆನಪಿಗಿಂತಲೂ ಆ ಹಾಳೆ ಗಟ್ಟಿ. ನಾಳೆ ಯಾರಾದರೂ ಅದರಲ್ಲಿ ಇನ್ನೊಂದು ಸಾಲು ಸೇರಿಸಿದರೆ ಇವನು ಅದೂ ಆಗುತ್ತಾನೆ.

ಸತ್ತೆವ್ವ ತಟ್ಟೆ ಹಿಡಿದು ಬಂದಳು.

"ಸಕ್ಕರಿ ಒಳಗ ಇಡ ಯವ್ವಾ," ಎಂದಳು ವಿಜಯಲಕ್ಷ್ಮಿ.

ಬೀಗರಾಗಬೇಕಾದವರು ಅರ್ಧ ಊಟದಲ್ಲೇ ಎದ್ದರು. ಯಲ್ಲಕ್ಕ ಹಾಳೆಯನ್ನು ಮರೆಯದೆ ಕೇಳಿ ತೆಗೆದುಕೊಂಡಳು. ಇನ್ನೊಂದು ಮನೆಗೆ ತೋರಿಸಬೇಕಲ್ಲ. ಕಾಕಾ ಅವರನ್ನು ಬಸ್ಸಿಗೆ ಹತ್ತಿಸಿ ಬರಲು ಹೋದ. ಸತ್ತೆವ್ವ ತಾಟು ಎತ್ತಿ ತೊಳೆಯಲು ಕೂತಳು. ವಿಜಯಲಕ್ಷ್ಮಿ ಹತ್ತಿರ ಹೋಗಿ ಕೇಳಿದಳು.

"ಅಪ್ಪ ದಿನಾ ಹಾಕ್ತಿದ್ದಾ ಹೌದಲ್ಲ ಯವ್ವಾ, ಮೊದಲನೇ ತುತ್ತ?"

ಸತ್ತೆವ್ವ ನೀರಿನಲ್ಲಿ ಕೈಯಿಟ್ಟುಕೊಂಡೇ ಯೋಚಿಸಿದಳು.

"ಹಾಕ್ತಿದ್ದಾ. ನನಗ ಮರತ ಹೋಗಿತ್ತು. ನೀ ಆವತ್ತ ಓದಿದ್ಯಲ್ಲ, ಆವಾಗ ನೆನಪಾತು."

ಅದು ಅಪ್ಪನ ನೆನಪೋ, ತನ್ನ ಸಾಲಿನ ನೆನಪೋ ಎಂದು ವಿಜಯಲಕ್ಷ್ಮಿ ಮತ್ತೆ ಕೇಳಲಿಲ್ಲ.