ವಾದಿ ಬಂದ ದಿನ

ಮೊನ್ನೆ ಶುಕ್ರವಾರ ಒಮಾನಿನ ವಾದಿ ಕಬೀರ್ ಬಡಾವಣೆಯಲ್ಲಿ ಕಾರಿನ ಪಂಕ್ಚರ್ ಹಾಕಿಸಲು ನಿಂತಿದ್ದೆ. ಬಿಸಿ ರಬ್ಬರಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಆದರೆ ನೆನಪಾದದ್ದು ನೀರು. ಹಸಿರು ನೀರು, ಅದರ ಮೇಲೆ ತೇಲುವ ಲಾರಿಯ ಟ್ಯೂಬು, ಅದರೊಳಗೆ ಕಾಲು ಬಡಿಯುತ್ತ ಕಿರುಚುವ ನನ್ನ ಮಗಳು... ಮತ್ತು ಕಾಕ.

ಈ ಟಯರ್ ಅಂಗಡಿ ಹತ್ತು ವರ್ಷದ ಹಿಂದೆ ಅವರದ್ದು. ಮೇಲಿನ ಮಹಡಿಯಲ್ಲಿ ನಮ್ಮ ಮನೆ. ಅವರು ಉಳ್ಳಾಲದ ಕಡೆಯ ಬ್ಯಾರಿ. ಬೀದಿಯವರೆಲ್ಲ ಕಾಕ ಎನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಮೈಸೂರಿನಿಂದ ಬಂದು ಎರಡು ವರ್ಷವಾದರೂ ನನಗೆ ಒಮಾನ್ ಎಂದರೆ ಆಫೀಸು, ಮಾಲು, ಎ.ಸಿ. ಅಷ್ಟೆ.

"ಈ ಮರಳುಗಾಡಲ್ಲಿ ನೋಡೋಕೆ ಏನಿದೆ ಕಾಕಾ?" ಎಂದೆ ಒಮ್ಮೆ.

ಬಿದ್ದು ಬಿದ್ದು ನಕ್ಕರು. "ಎಂತ ಮಾರಾಯ್ರೆ, ನೀವು ವಾದಿಗೆ ಹೋಗ್ಲೇ ಇಲ್ವಾ? ಶುಕ್ರವಾರ ಹೋಗುವ. ಟ್ಯೂಬು ನಾನು ತರ್ತೇನೆ."

ಗುಡ್ಡಗಳ ನಡುವಿನ ಹೊಳೆಪಾತ್ರಕ್ಕೆ ಅರಬ್ಬಿಯಲ್ಲಿ ವಾದಿ ಎನ್ನುತ್ತಾರೆಂದು ಅವತ್ತೇ ನನಗೆ ಗೊತ್ತಾದದ್ದು. ಅದೇ ಹೆಸರಿನ ಬಡಾವಣೆಯಲ್ಲಿ ಎರಡು ವರ್ಷ ಮಲಗಿ ಎದ್ದಿದ್ದೆ, ಪೆದ್ದನ ಹಾಗೆ!

ಜುಮಾ ನಮಾಜು ಮುಗಿಸಿ ಕಾಕ ಬಂದರು. ಬೋಳು ಗುಡ್ಡಗಳ ನಡುವೆ ಒಂದೂವರೆ ಗಂಟೆ ಕಾರು ಓಡಿ, ಆಮೇಲೆ ಕಲ್ಲು ಹತ್ತಿಳಿದು ಒಂದು ತಿರುವು ದಾಟಿದೆವು. ನಾನು ನಿಂತಲ್ಲೇ ನಿಂತೆ. ಬಂಡೆಗಳ ಮಧ್ಯೆ ಕೊಳ, ದಡದಲ್ಲಿ ಖರ್ಜೂರದ ಮರ, ಕಾಲಿಟ್ಟರೆ ಕಚಗುಳಿಯಿಡುವ ಮರಿಮೀನು. ಬೆರಳದ್ದಿ ನಾಲಿಗೆಗಿಟ್ಟು ನೋಡಿದೆ, ಸಿಹಿನೀರು! ಇಷ್ಟು ದಿನ ಯಾರೋ ನನಗೆ ಮೋಸ ಮಾಡಿದ್ದಾರೆ ಅನಿಸಿತು.

ಮಗಳು ಟ್ಯೂಬಿನೊಳಗೆ ಕೂತು ನೀರಿಗಿಳಿದಳು. ನಾನು ಕೊಳದ ಪಕ್ಕದ ಸಮತಟ್ಟಾದ ಬಂಡೆಯ ಮೇಲೆ ಚಾಪೆ ಹಾಸಿ, ಹೆಂಡತಿ ಮಾಡಿದ ಪುಳಿಯೋಗರೆಯ ಪಾತ್ರೆ ತೆರೆದೆ. ನೆತ್ತಿಯ ಮೇಲೆ ನೀಲಿ ಆಕಾಶ. ಕಾಕ ಮಾತ್ರ ದೂರದ ಬೆಟ್ಟದ ಕಡೆ ನೋಡುತ್ತಿದ್ದರು. ಅಲ್ಲಿ ಸ್ವಲ್ಪ ಕಪ್ಪು ಮೋಡವಿತ್ತು.

"ಚಾಪೆ ತೆಗೀರಿ. ವಾದಿ ಬರ್ತದೆ."

"ವಾದಿ ಬಂದ್ರೆ ಪ್ರತಿವಾದೀನೂ ಬರ್ಲಿ ಬಿಡಿ ಕಾಕಾ, ಇಲ್ಲೇ ಕೋರ್ಟು ನಡೆಸೋಣ!"

ಹೆಂಡತಿ ನಕ್ಕಳು. ಕಾಕ ನಗಲಿಲ್ಲ. ಕೊಳದ ನೀರು ಕೆಂಪಗಾಗುತ್ತಿತ್ತು, ನಾನು ಗಮನಿಸಿರಲಿಲ್ಲ. ಅವರು ಬಟ್ಟೆ ಸಮೇತ ಸೊಂಟದವರೆಗೆ ನೀರಿಗಿಳಿದು, ಮಗಳ ಕೈ ಹಿಡಿದು ಟ್ಯೂಬಿನಿಂದ ದರದರ ಎಳೆದರು. ಅವಳು ಹೋ ಎಂದು ಅತ್ತಳು. ನನಗೆ ಸಿಟ್ಟು ನೆತ್ತಿಗೇರಿತು. ಕಾಕಾ ಎನ್ನುವುದನ್ನೂ ಮರೆತೆ.

"ರೀ, ಮಗು ಕೈ ಬಿಡ್ರೀ!"

"ಬಿಡುದಿಲ್ಲ! ಯಲ್ಲಾ, ಬೇಗ ಬೇಗ ಮೇಲೆ ಹತ್ತಿ!"

ಮಗಳನ್ನು ಬಿಡಿಸಿಕೊಳ್ಳಲೆಂದೇ ನಾವಿಬ್ಬರೂ ಅವರ ಹಿಂದೆ ಬಂಡೆ ಹತ್ತಿದೆವು. ಆಗ ಆ ಸದ್ದು... ತಿರುಗಿ ನೋಡಿದರೆ ಕೊಳವೇ ಇಲ್ಲ. ಕಂದು ನೀರು ಮರದ ಕೊಂಬೆಗಳನ್ನು ಹೊತ್ತು ಗೋಡೆಯ ಹಾಗೆ ನುಗ್ಗುತ್ತಿತ್ತು. ಚಾಪೆ, ಪಾತ್ರೆ, ಟ್ಯೂಬು ಯಾವುದೂ ಕಾಣಲಿಲ್ಲ. ಮೇಲೆ ಇನ್ನೂ ಬಿಸಿಲಿತ್ತು. ವಾದಿ ಬರುವುದೆಂದರೆ ಇದು ಎಂದು ಆಗ ಗೊತ್ತಾಯಿತು.

ಮಗಳ ಮಣಿಕಟ್ಟಿನ ಮೇಲೆ ಬೆರಳ ಗುರುತು ಕೆಂಪಗೆ ಎದ್ದಿತ್ತು. ಕಾಕ ಅದನ್ನು ಮೆಲ್ಲಗೆ ಉಜ್ಜುತ್ತಿದ್ದರು. "ನೋವಾಯ್ತಾ ಮೋಳೇ?" ತಮ್ಮ ಬ್ಯಾರಿಯಲ್ಲಿ ಮಗಳೇ ಎಂದು ಕರೆದು ಕೇಳಿದರು.

"ಇಟ್ಸ್ ಓಕೆ, ಕಾಕಾ," ಎಂದಳು ಬಿಕ್ಕುತ್ತಲೇ.

ತಪ್ಪಾಯ್ತು ಕಾಕಾ ಎನ್ನಬೇಕಿತ್ತು. ನಾಳೆ ಹೇಳೋಣ ಅಂದುಕೊಂಡೆ. ಆಮೇಲೆ ನಾವು ಅಲ್ ಅಮೇರಾತ್‌ಗೆ ಮನೆ ಬದಲಾಯಿಸಿದೆವು, ಅವರು ವೀಸಾ ಮುಗಿಸಿ ಊರಿಗೆ ಹೋದರು...

ಮೊನ್ನೆ ಅಂಗಡಿಯವರನ್ನು ಕಾಕನ ಬಗ್ಗೆ ವಿಚಾರಿಸಿದೆ. "ನಿಮಗೆ ಗೊತ್ತಿಲ್ವಾ? ಹೋದ ರಂಜಾನಿಗೆ ಮೊದ್ಲೇ ತೀರಿಕೊಂಡ್ರಲ್ಲ," ಎಂದರು, ಚಕ್ರ ತಿರುಗಿಸುತ್ತ. ಪಂಕ್ಚರಿನ ದುಡ್ಡು ಕೊಟ್ಟು ಮನೆಗೆ ಬಂದೆ.

ಮಗಳು ಗೆಳತಿಯರ ಜೊತೆ ವಾದಿಗೆ ಹೊರಟಿದ್ದಳು. ಬಾಲ್ಕನಿಯಲ್ಲಿ ನಿಂತು ಮೊದಲು ಬೆಟ್ಟದ ಕಡೆ ನೋಡಿದಳು, ಆಮೇಲೆ ಬ್ಯಾಗು ಎತ್ತಿಕೊಂಡಳು. ನಾನು ಸುಮ್ಮನೆ ಅವಳ ಮಣಿಕಟ್ಟು ಹಿಡಿದುಕೊಂಡೆ.

"ಅಪ್ಪಾ, ಕೈ ಬಿಡಿ, ಲೇಟಾಯ್ತು," ಎಂದಳು. ಬಿಡಲು ಸ್ವಲ್ಪ ಹೊತ್ತು ಹಿಡಿಯಿತು.