ಅಂಚು ಬಿಟ್ಟ ಅಳತೆ

ಹಿಂದೂಪುರದ ಮೇ ತಿಂಗಳ ಬಿಸಿಲಲ್ಲಿ ಉಣ್ಣೆಯ ಮಂಕಿ ಕ್ಯಾಪು ಹಾಕಿಕೊಂಡು ಕೂರುತ್ತಿದ್ದ ಏಕೈಕ ಮಹಾಶಯರೆಂದರೆ ನಮ್ಮ ಸ್ಕ್ಯಾನ್ ಡಾಕ್ಟ್ರು. ಸಿ.ಟಿ. ಯಂತ್ರಕ್ಕೆಂದು ಹಾಕಿದ ಏಸಿಯ ಚಳಿಗೆ ಆ ಟೋಪಿಯೇ ಗತಿ. ಅದರ ಕಿಂಡಿಯಲ್ಲಿ ಕಾಣುತ್ತಿದ್ದುದು ಕನ್ನಡಕ, ಮೂಗು, ಮತ್ತು ಲೋಕದ ಮೇಲೊಂದು ಅನುಮಾನ.

ಆ ಅನುಮಾನ ವರ್ಷಕ್ಕೊಮ್ಮೆ ನನ್ನ ಮೇಲೂ ಬೀಳುತ್ತಿತ್ತು. ನಾನು ಕಲ್ಯಾಣದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟವನು. ನನ್ನ ಹೊಟ್ಟೆಯೊಳಗಿನ ಮಹಾಪಧಮನಿ, ಅಂದರೆ ಗುಂಡಿಗೆಯಿಂದ ಇಳಿಯುವ ದೊಡ್ಡ ರಕ್ತನಾಳ, ಯಾರ ಅಪ್ಪಣೆಯನ್ನೂ ಕೇಳದೆ ಒಂದು ಕಡೆ ಉಬ್ಬಿಕೊಂಡಿತ್ತು. ಒಡೆದರೆ ಈ ಶೆಟ್ಟರ ಕಥೆ ಮುಗಿಯಿತು. ಅದಕ್ಕೇ ಈ ವಾರ್ಷಿಕ ಅಳತೆ. ಡಾಕ್ಟ್ರು ಪರದೆಯ ಮೇಲೆ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು, "ಹಳೇ ಫಿಲ್ಮ್ ಎಲ್ಲಿ ಶೆಟ್ರೇ? ಅದಿಲ್ದೆ ನಾನು ಬಾಯಿ ಬಿಡಲ್ಲ" ಎನ್ನುತ್ತಿದ್ದರು. "ಹೋದ್ಸಲದಂಗೇ ಐತೆ, ಹೋಗ್ಬುಟ್ಟು ಬನ್ನಿ" ಎಂದರೆ ಅದೇ ಆಶೀರ್ವಾದ.

ಒಂದು ವರ್ಷ ಫಿಲ್ಮ್ ಮರೆತು ಹೋದೆ. ಹಳೇ ರಿಪೋರ್ಟಿನಲ್ಲಿ ನಾಲ್ಕು ಸೆಂಟಿಮೀಟರ್ ಅಂತಿತ್ತು; ಈಗ ಐದು ಬಂತು. ಇಷ್ಟು ಬೇಗ ಬೆಳೆದರೆ ಕಾಯುವಂತಿಲ್ಲ, ಸೋಮವಾರ ಬಂದು ಸೇರಿಕೊಳ್ಳಿ ಎಂದರು ರಿಪೋರ್ಟು ನೋಡಿದ ಬೆಂಗಳೂರಿನ ಸರ್ಜನ್ನರು. ಡಾಕ್ಟ್ರಿಗೆ ಮಾತ್ರ ಸಮಾಧಾನವಿಲ್ಲ. "ಫಿಲ್ಮ್‌ನ ಬಸ್ ಕಂಡಕ್ಟರ್ ಕೈಲಿ ಕಳಿಸ್ರಿ" ಎಂದು ಫೋನು ಮಾಡಿದರು. ಕಳಿಸಿದೆ.

ಆ ಮೂರು ದಿನ ನಾನು ಕೂತಲ್ಲಿ ಕೂರಲಿಲ್ಲ. ಕೆಮ್ಮು ಬಂದರೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ಹೆಂಡತಿ ಜೋಡಿಸಿದ ಬ್ಯಾಗನ್ನು ಬಿಚ್ಚಿ, ಮತ್ತೆ ಜೋಡಿಸಿ, ಬೈಸಿಕೊಳ್ಳುತ್ತಿದ್ದೆ.

ಭಾನುವಾರ ಮಧ್ಯಾಹ್ನ ಡಾಕ್ಟ್ರೇ ಎರಡು ಬಸ್ಸು ಬದಲಿಸಿ ಮನೆ ಬಾಗಿಲಿಗೆ ಬಂದರು, ಕಂಕುಳಲ್ಲಿ ನನ್ನ ಫಿಲ್ಮ್.

"ಫೋನಲ್ಲಿ ಹೇಳೋ ಮಾತಲ್ಲ ಅಂತ ಬಂದ್ಬುಟ್ಟೆ. ಹೋದ ವರ್ಷ ತಪ್ಪು ನಂದು ಶೆಟ್ರೇ. ರಕ್ತ ಹರಿಯೋ ದಾರಿ ಮಾತ್ರ ಅಳೆದಿದ್ದೆ. ನಾಳದ ಗೋಡೆಗೆ ಹೆಪ್ಪುಗಟ್ಟಿ ಅಂಟಿದ್ದ ರಕ್ತಾನ ಬಿಟ್ಟಿದ್ದೆ."

"ಅಂಚು ಬಿಟ್ಟು ಸೀರೆ ಅಳೆದಂಗೆ?"

"ಹೂಂ ಕಣಪ್ಪ, ಅಂಗೇ. ಆಗ್ಲೇ ನಾಕೂ ಮುಕ್ಕಾಲಿತ್ತು. ವರ್ಷಕ್ಕೆ ಬೆಳೆದಿರೋದು ಕಾಲು, ಅಷ್ಟೇ."

"ಮೂರು ದಿನದಿಂದ ಸತ್ತು ಬದುಕ್ತಾ ಇದೀವಿ ಸಾರ್" ಎಂದಳು ನನ್ನಾಕೆ.

"ಬಯ್ಯಿರಿ ತಾಯಿ, ಬೈಸ್ಕೊಳ್ಳಾಕೇ ಬಂದಿರೋದು."

ಸಂದರ್ಭದ ಘನತೆಗೆ ತಕ್ಕಂತೆ ಕೋಪಿಸಿಕೊಳ್ಳಬೇಕೆಂದು ನಾನು ನಿರ್ಧರಿಸಿದ್ದೆ. ಬಾಯಿಂದ ಬಂದದ್ದು "ಕಾಫೀನೋ, ಮಜ್ಜಿಗೇನೋ?" ಎಂಬ ಮಾತು. ಅವರು ಅಲ್ಲೇ ಕುರ್ಚಿಯಲ್ಲಿ ಕೂತು ಸರ್ಜನ್ನರಿಗೆ ಫೋನು ಹಚ್ಚಿ, "ತಪ್ಪು ನಂದೇ ಸಾರ್" ಎಂದು ಎರಡು ಸಲ ಹೇಳಿದರು. ಹಾಗಾದರೆ ಕಾಯಬಹುದು, ಆರು ತಿಂಗಳಿಗೊಮ್ಮೆ ನೋಡೋಣ ಎಂದು ಉತ್ತರ ಬಂತು.

ಹೋದ ಕಾರ್ತೀಕದಲ್ಲಿ ಡಾಕ್ಟ್ರು ಹೃದಯ ನಿಂತು ತೀರಿಹೋದರು. ಉಬ್ಬಿದ ನಾಳ ಹೊತ್ತ ನಾನೇ ಅವರ ಹೆಂಡತಿಯನ್ನು ಮಾತಾಡಿಸಿ ಬರಲು ಹಿಂದೂಪುರಕ್ಕೆ ಹೋದೆ.

"ಆವತ್ತು ನಿಮ್ಮೂರಿಂದ ಬಂದ ಮೇಲೆ ನಮ್ಮನೆಯವ್ರು ಒಂದು ತಿಂಗಳು ಹೊತ್ತಿಗೆ ಸರಿಯಾಗಿ ಉಣ್ಲಿಲ್ಲ ಕಣಪ್ಪ" ಎಂದರು ಆಕೆ. "ನಿಮ್ಮಂಥೋರ ಹಳೇ ಸ್ಕ್ಯಾನೆಲ್ಲ ತೆಗೆಸಿ ಮತ್ತೆ ಅಳೆದ್ರು. ಇನ್ನೂ ಇಬ್ಬರದು ತಪ್ಪಾಗಿತ್ತಂತೆ. ಒಬ್ರಿಗೆ ಕುಂದುರ್ಪಿಗೆ ಹೋಗಿ ಹೇಳಿ ಬಂದ್ರು. ಗೋರಂಟ್ಲದವರು ಸಿಟ್ಟಿಗೆ ಬಾಗ್ಲು ಹಾಕ್ಕೊಂಡ್ರಂತೆ. ಸಂಜೆವರೆಗೂ ಜಗಲಿ ಮೇಲೆ ಕೂತಿದ್ದು, ಬಾಗ್ಲು ತೆಗೆದ ಮೇಲೆ ಹೇಳಿಯೇ ಬಂದ್ರು."